ವರ್ಷದ ಸೈಕಲ್ ಕಿಲೋಮೀಟರ್: ಲೆಕ್ಕ ಇಡುವುದು ಹೇಗೆ, ಗೆಳೆಯರ ಜೊತೆ ಹೋಲಿಸುವುದು ಹೇಗೆ?

ಡಿಸೆಂಬರ್ ಬಂತೆಂದರೆ ನಮ್ಮ ಕಲಬುರಗಿಯ ಸೈಕಲ್ ಗೆಳೆಯರ ನಡುವೆ ಒಂದೇ ಮಾತು. ಬೆಳಗಿನ ರೈಡ್ ಮುಗಿಸಿ ಸುಸಲಾ, ಮಿರ್ಚಿ ಭಜಿ ಮುಂದಿಟ್ಟುಕೊಂಡು ಕೂತ ಕೂಡಲೇ ಯಾರೋ ಒಬ್ಬರು ಕೇಳುತ್ತಾರೆ, "ಈ ವರ್ಷ ಎಷ್ಟಾಯ್ತು?"

ಎರಡು ವರ್ಷದ ಹಿಂದೆ ಹೀಗೇ ಕೂತಿದ್ದಾಗ ಒಬ್ಬ ಗೆಳೆಯ 3,120 ಅಂದ. ಪ್ರತಿ ಭಾನುವಾರ 60 ಕಿ.ಮೀ., 52 ವಾರದಲ್ಲಿ ಒಂದೂ ತಪ್ಪಿಸಿರಲಿಲ್ಲ. ನಿಜವಾಗಿಯೂ ದೊಡ್ಡ ಸಾಧನೆ. ನಮ್ಮ ಜೊತೆ ಒಬ್ಬ ಮೇಷ್ಟ್ರು ಇದ್ದಾರೆ. ಹಳೇ ದೊಡ್ಡ ಸೈಕಲ್ ಮೇಲೆ ದಿನಾ ಶಾಲೆಗೆ ಹೋಗಿ ಬರುತ್ತಾರೆ. ಆ್ಯಪ್ ಇಲ್ಲ, ಮೀಟರ್ ಇಲ್ಲ. "ನಿಮ್ಮದೆಷ್ಟು ಸರ್?" ಅಂದರೆ "ನಂದೇನು ಬಿಡ್ರಿ, ಶಾಲಿಗೆ ಹೋಗಿ ಬರೋದು" ಅಂದರು. ಪೇಪರ್ ಮೇಲೆ ಲೆಕ್ಕ ಹಾಕಿದೆವು. ಶಾಲೆ 9 ಕಿ.ಮೀ. ದೂರ. ದಿನಕ್ಕೆ 18. ವರ್ಷಕ್ಕೆ 220 ದಿನ ಅಂತ ಹಿಡಿದರೂ 3,960 ಕಿ.ಮೀ.!

ಅವತ್ತಿನ ಮಟ್ಟಿಗೆ ನಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ಸೈಕಲ್ ಹೊಡೆದವರು ಅವರೇ. ಅದು ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಅಂದಿನಿಂದ ನಾವು ಲೆಕ್ಕ ಇಡುವ ರೀತಿಯನ್ನೇ ಬದಲಿಸಿದೆವು. ನಾವು ಮಾಡಿದ್ದನ್ನು, ತಪ್ಪಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಬೀದರ್, ಯಾದಗಿರಿ, ಕಲಬುರಗಿ ಕಡೆ ನಾಲ್ಕೈದು ಜನ ಸೇರಿ ಸೈಕಲ್ ಹೊಡೆಯುವವರಿದ್ದರೆ ನೀವೂ ಹೀಗೆ ಶುರು ಮಾಡಬಹುದು.

ಹೊಸ ವರ್ಷಕ್ಕೆ ಮುಂಚೆ ನಿಯಮ ಮಾಡಿಕೊಳ್ಳಿ

ಯಾವುದು ಲೆಕ್ಕಕ್ಕೆ, ಯಾವುದು ಅಲ್ಲ ಅನ್ನುವುದನ್ನು ಜನವರಿ 1ಕ್ಕೆ ಮೊದಲೇ ಮಾತಾಡಿ ಮುಗಿಸಿ. ಡಿಸೆಂಬರ್‌ನಲ್ಲಿ ಮಾತಾಡಲು ಹೋದರೆ ಪ್ರತಿಯೊಬ್ಬರೂ ತಮ್ಮ ಅಂಕಿಗೆ ತಕ್ಕ ನಿಯಮ ಹೇಳುತ್ತಾರೆ.

ನಮ್ಮ ಮೊದಲ ನಿಯಮ ಇದು: ರಸ್ತೆ ಮೇಲೆ ಕಾಲಿನಿಂದ ತುಳಿದ ಪ್ರತಿ ಕಿಲೋಮೀಟರೂ ಲೆಕ್ಕಕ್ಕೆ ಸೇರುತ್ತದೆ. ಸೂಪರ್ ಮಾರ್ಕೆಟ್‌ಗೆ ತರಕಾರಿ ತರಲು ಹೋದದ್ದೂ ಸೇರುತ್ತದೆ, ನಮ್ಮೂರಿನ ಅಪ್ಪನ ಕೆರೆ ಸುತ್ತಿದ್ದೂ ಸೇರುತ್ತದೆ. ಹೆಲ್ಮೆಟ್, ಜೆರ್ಸಿ ಹಾಕಿ ಹೋದರೆ ಮಾತ್ರ ರೈಡ್ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೆಲಸಕ್ಕೆ ಸೈಕಲ್ ಮೇಲೆ ಹೋಗುವವರ ಕಿಲೋಮೀಟರ್ ಬಿಟ್ಟು ಮಾಡುವ ಪಟ್ಟಿ ಅರ್ಧ ಪಟ್ಟಿ.

ಮನೆಯೊಳಗೆ ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ತುಳಿದದ್ದಕ್ಕೆ ಬೇರೆ ಕಾಲಂ ಇರಲಿ. ಅಲ್ಲಿ ಎದುರು ಗಾಳಿ ಇಲ್ಲ, ದೂರ ಎಷ್ಟೆಂದು ಹೇಳುವುದು ಯಂತ್ರದ ಸೆಟ್ಟಿಂಗ್. ಜಿಮ್‌ನ ಸೈಕಲ್ ಆದರೆ ನಿಮಿಷ ಮಾತ್ರ ಬರೆಯಿರಿ. ಮೋಟಾರ್ ಇರುವ ಎಲೆಕ್ಟ್ರಿಕ್ ಸೈಕಲ್‌ಗೂ ಬೇರೆ ಕಾಲಂ. ಮೊಣಕಾಲು ನೋವಿರುವ ಹಿರಿಯರು ಅದರಲ್ಲೇ ಬರುತ್ತಾರೆ. ಅವರನ್ನು ಹೊರಗಿಡಬೇಡಿ.

ರೈಡ್ ಮಧ್ಯರಾತ್ರಿ ದಾಟಿದರೆ ಹೊರಟ ದಿನದ ಲೆಕ್ಕಕ್ಕೆ ಹಾಕಿ. ಬ್ರೆವೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸುವ ದೂರದ ರೈಡ್ ಮಾಡುವವರಿದ್ದರೆ ಒಂದು ವಿಷಯ ಗೊತ್ತಿರಲಿ. 13 ಗಂಟೆ 30 ನಿಮಿಷದೊಳಗೆ 200 ಕಿ.ಮೀ., 40 ಗಂಟೆಯೊಳಗೆ 600 ಕಿ.ಮೀ. ಮುಗಿಸುವ ಈ ರೈಡ್‌ಗಳ ವರ್ಷ ನವೆಂಬರ್ 1ಕ್ಕೆ ಶುರುವಾಗಿ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಹಾಗಾಗಿ "ಈ ಸೀಸನ್‌ನಲ್ಲಿ" ಅಂತ ಒಬ್ಬರು ಹೇಳುವ ಅಂಕಿಯನ್ನು "ಈ ವರ್ಷ" ಅಂತ ಹೇಳುವ ಇನ್ನೊಬ್ಬರ ಅಂಕಿಯ ಪಕ್ಕ ಇಡಬೇಡಿ.

ಇನ್ನು ಮರೆತುಹೋದ ರೈಡ್‌ಗಳು. ಮೊಬೈಲ್ ಆಫ್ ಆಗಿರುತ್ತೆ, ಮೀಟರಿನ ಬ್ಯಾಟರಿ ಹೋಗಿರುತ್ತೆ. ಎರಡು ದಿನದೊಳಗೆ ಮ್ಯಾಪ್ ಮೇಲೆ ಅಳೆದು, ಎಲ್ಲಿಂದ ಎಲ್ಲಿಗೆ ಅಂತ ಊರಿನ ಹೆಸರು ಬರೆದರೆ ನಾವು ಒಪ್ಪುತ್ತೇವೆ. ಮಾತಿನ ಮೇಲೆ ನಂಬಿಕೆ ಇಡುವುದು ಹಳೇ ಪದ್ಧತಿಯೇ. 1938ರಲ್ಲಿ ಬ್ರಿಟನ್ನಿನ ಬಿಲ್ಲಿ ಫ್ಲೆಮಿಂಗ್ ಎಂಬ ಹೆಣ್ಣುಮಗಳು ವರ್ಷದ ಒಂದು ದಿನವನ್ನೂ ಬಿಡದೆ ಸೈಕಲ್ ತುಳಿದು 29,603.7 ಮೈಲಿ, ಅಂದರೆ ಸುಮಾರು 47,642 ಕಿ.ಮೀ. ಮುಗಿಸಿದರು. ಆಗ ಜಿಪಿಎಸ್ ಎಲ್ಲಿತ್ತು? ಸೈಕಲ್‌ನಲ್ಲೊಂದು ಮೀಟರ್, ಕೈಯಲ್ಲಿ ಕಾರ್ಡು. ದಾರಿಯಲ್ಲಿ ಸಿಕ್ಕವರಿಂದ ಆ ಕಾರ್ಡಿಗೆ ಸಹಿ ಹಾಕಿಸಿಕೊಂಡು ಕಳಿಸುತ್ತಿದ್ದರು.

ಗಾಲಿಯ ಅಳತೆ

ಸೈಕಲ್‌ಗೆ ಮೀಟರ್ ಇರುವವರು ಇದನ್ನು ದಯವಿಟ್ಟು ಬಿಡಬೇಡಿ. ಮೀಟರ್ ಮಾಡುವ ಕೆಲಸ ಇಷ್ಟೇ. ಕಡ್ಡಿಗೆ ಕಟ್ಟಿದ ಅಯಸ್ಕಾಂತ ಸೆನ್ಸರ್ ಮುಂದೆ ಎಷ್ಟು ಸಲ ಹಾದುಹೋಯಿತು ಅಂತ ಎಣಿಸುತ್ತದೆ. ಅದನ್ನು ನೀವು ಕೊಟ್ಟ ಗಾಲಿಯ ಸುತ್ತಳತೆಯಿಂದ ಗುಣಿಸುತ್ತದೆ. ನೀವು ಕೊಟ್ಟ ಅಳತೆ ತಪ್ಪಿದ್ದರೆ ವರ್ಷವಿಡೀ ತಪ್ಪು.

ಟಯರ್ ಅಳತೆಯ ಪಟ್ಟಿಗಳಲ್ಲಿ 700 ಬೈ 25 ಟಯರ್‌ಗೆ (25 ಅನ್ನುವುದು ಮಿ.ಮೀ.ನಲ್ಲಿ ಟಯರಿನ ಅಗಲ) ಸುತ್ತಳತೆ 2,105 ಮಿ.ಮೀ., 700 ಬೈ 28ಕ್ಕೆ 2,136 ಮಿ.ಮೀ. ಅಂತ ಇರುತ್ತದೆ. ಸಣ್ಣ ವ್ಯತ್ಯಾಸ ಅನಿಸುತ್ತದೆ ಅಲ್ವಾ? ಆದರೆ 25ರ ಟಯರ್ ಹಾಕಿ ಮೀಟರಿನಲ್ಲಿ 28ರ ಅಂಕಿಯನ್ನೇ ಬಿಟ್ಟರೆ 5,000 ಕಿ.ಮೀ.ಗೆ ಸುಮಾರು 74 ಕಿ.ಮೀ. ಜಾಸ್ತಿ ತೋರಿಸುತ್ತದೆ. ಹೆಚ್ಚುಕಮ್ಮಿ ಕಲಬುರಗಿಯಿಂದ ಜೇವರ್ಗಿಗೆ ಹೋಗಿ ಬಂದಷ್ಟು ದೂರ, ತುಳಿಯದೆಯೇ.

ಪಟ್ಟಿಗಿಂತ ನಿಮ್ಮ ಗಾಲಿಯನ್ನೇ ಅಳೆಯುವುದು ಒಳ್ಳೆಯದು. ಅದಕ್ಕೆ ನಮ್ಮ ಕಡೆಯ ಶಹಾಬಾದ್ ಪರ್ಸಿ ಕಲ್ಲಿನ ನೆಲಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಟ್ಟಸವಾಗಿರುತ್ತದೆ, ಸೀಮೆಸುಣ್ಣದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಮೊದಲು ರೈಡ್‌ಗೆ ಹೋಗುವಾಗ ಎಷ್ಟು ಗಾಳಿ ಇರುತ್ತದೋ ಅಷ್ಟು ಹೊಡೆಯಿರಿ. ಮುಂದಿನ ಗಾಲಿಯ ವಾಲ್ (ಗಾಳಿ ಹೊಡೆಯುವ ಮೂತಿ) ಸರಿಯಾಗಿ ಕೆಳಗೆ ಬರುವಂತೆ ನಿಲ್ಲಿಸಿ. ಅದರ ನೇರಕ್ಕೆ ಕಲ್ಲಿನ ಮೇಲೆ ಗೆರೆ ಎಳೆಯಿರಿ. ಈಗ ಸೀಟಿನ ಮೇಲೆ ಕೂರಿ. ಇದು ಮುಖ್ಯ, ಯಾಕೆಂದರೆ ನಿಮ್ಮ ಭಾರಕ್ಕೆ ಟಯರ್ ಸ್ವಲ್ಪ ಒತ್ತಿಕೊಳ್ಳುತ್ತದೆ, ಸುತ್ತಳತೆ ಕಮ್ಮಿಯಾಗುತ್ತದೆ. ಇನ್ನೊಬ್ಬರು ಹಿಡಿದುಕೊಂಡು ನೇರವಾಗಿ ತಳ್ಳಲಿ. ವಾಲ್ ಮೂರು ಸುತ್ತು ಬಂದು ಮತ್ತೆ ಕೆಳಗೆ ನಿಂತಾಗ ಎರಡನೇ ಗೆರೆ. ಟೇಪ್ ಹಿಡಿದು ಅಳೆದು ಮೂರರಿಂದ ಭಾಗಿಸಿ. ನನ್ನ 28ರ ಟಯರ್‌ಗೆ 6 ಮೀಟರ್ 39 ಸೆಂ.ಮೀ. ಬಂತು. ಅಂದರೆ ಒಂದು ಸುತ್ತಿಗೆ 2,130 ಮಿ.ಮೀ. ಅದನ್ನೇ ಮೀಟರಿಗೆ ಹಾಕಿದೆ.

ಮೇಷ್ಟ್ರ ಸೈಕಲ್‌ಗೆ ನಾವೆಲ್ಲ ಸೇರಿ ಒಂದು ಸಾದಾ ವೈರ್ ಮೀಟರ್ ಹಾಕಿಸಿದೆವು. ಅಳೆದದ್ದು ಅವರ ಶಾಲೆಯ ವರಾಂಡದ ಪರ್ಸಿ ಮೇಲೆ. ಮೇಷ್ಟ್ರು ಸೀಟಿನ ಮೇಲೆ ನೆಟ್ಟಗೆ ಕೂತಿದ್ದರು. ಎರಡು ಹುಡುಗರು ಹ್ಯಾಂಡಲ್ ಹಿಡಿದು ತಳ್ಳಿದರು. ಉಳಿದ ಮಕ್ಕಳು ಸಾಲಾಗಿ ಬಗ್ಗಿ ವಾಲ್ ನೋಡುತ್ತಾ "ಒಂದ... ಎರಡ... ಮೂರ!" ಅಂತ ಕೂಗಿದರು. ಮೂರು ಸಲ ಅಳೆದೆವು. ಮೂರೂ ಸಲ ಒಂದು ಸೆಂಟಿಮೀಟರ್ ಒಳಗೇ ಬಂತು. ಆ ವರ್ಷ ಐದನೇ ತರಗತಿಗೆ ಪರಿಧಿಯ ಪಾಠ ಅಲ್ಲೇ ಮುಗಿಯಿತು.

ಟಯರ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಿ.

ಮೊಬೈಲ್ ನಂಬುವವರಿಗೆ

ಸ್ಟ್ರಾವಾ ಇರಲಿ, ಬೇರೆ ಆ್ಯಪ್ ಇರಲಿ, ಕೆಲಸ ಒಂದೇ. ಆಗಾಗ ನೀವಿರುವ ಜಾಗವನ್ನು ಚುಕ್ಕಿ ಇಟ್ಟುಕೊಳ್ಳುತ್ತದೆ, ಆ ಚುಕ್ಕಿಗಳನ್ನು ನೇರ ಗೆರೆಯಿಂದ ಸೇರಿಸುತ್ತದೆ. ಚುಕ್ಕಿಗಳು ದೂರ ದೂರ ಬಿದ್ದರೆ ತಿರುವುಗಳು ಕತ್ತರಿಸಿ ಹೋಗುತ್ತವೆ, ದೂರ ಕಮ್ಮಿ ತೋರಿಸುತ್ತದೆ. ಚಹಾಕ್ಕೆ ನಿಂತಾಗ ಚುಕ್ಕಿ ಅಲ್ಲಲ್ಲೇ ಕುಣಿಯುತ್ತದೆ, ದೂರ ಜಾಸ್ತಿಯಾಗುತ್ತದೆ. ಮೊದಲನೆಯದಕ್ಕೆ ಸಾಮಾನ್ಯ ಕಾರಣ ಮೊಬೈಲಿನ ಬ್ಯಾಟರಿ ಉಳಿಸುವ ಸೆಟ್ಟಿಂಗ್. ಸ್ಕ್ರೀನ್ ಆರಿದ ಕೂಡಲೇ ಅದು ಆ್ಯಪನ್ನು ಮಲಗಿಸಿಬಿಡುತ್ತದೆ. ಆ ಆ್ಯಪ್‌ಗೆ ಮಾತ್ರ ಬ್ಯಾಟರಿ ನಿರ್ಬಂಧ ತೆಗೆಯಿರಿ. ಎರಡನೆಯದಕ್ಕೆ ಆಟೋ ಪಾಝ್ (ನೀವು ನಿಂತಾಗ ಎಣಿಕೆಯನ್ನೂ ತಾನೇ ನಿಲ್ಲಿಸುವ ಸೆಟ್ಟಿಂಗ್) ಆನ್ ಮಾಡಿ.

ಆಮೇಲೆ ಪರೀಕ್ಷೆ. ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಹಳದಿ ತಲೆಯ ಕಿಲೋಮೀಟರ್ ಕಲ್ಲು ಇರುತ್ತವೆ, ರಾಜ್ಯ ಹೆದ್ದಾರಿಗೆ ಹಸಿರು ತಲೆ. ಒಂದು ಕಲ್ಲಿನ ಹತ್ತಿರ ಶುರು ಮಾಡಿ, ಅದನ್ನು ಬಿಟ್ಟು ಮುಂದಿನ ಐದನೇ ಕಲ್ಲಿಗೆ ನಿಲ್ಲಿಸಿ. ರಸ್ತೆ ಅಗಲ ಮಾಡುವಾಗ ಕೆಲವು ಕಲ್ಲು ಜಾಗ ಬದಲಾಗಿರುತ್ತವೆ. ಹಾಗಾಗಿ ಬೇರೆ ಬೇರೆ ಕಡೆ ಮೂರು ಸಲ ನೋಡಿ. ಮೂರೂ ಕಡೆ 5ಕ್ಕೆ 4.8 ಬರುತ್ತಿದ್ದರೆ ಸೆಟ್ಟಿಂಗ್‌ನಲ್ಲಿ ಏನೋ ತಪ್ಪಿದೆ.

ಮೀಟರ್ ಆಗಲಿ ಮೊಬೈಲ್ ಆಗಲಿ, ವರ್ಷಪೂರ್ತಿ ಒಂದನ್ನೇ ಹಿಡಿಯಿರಿ. ಜಾಸ್ತಿ ತೋರಿಸಿದ್ದನ್ನು ಆರಿಸಿಕೊಳ್ಳುವ ಹಾಗಿಲ್ಲ.

ತಿಂಗಳಿಗೊಮ್ಮೆ ಎರಡು ತಪ್ಪು ಹುಡುಕಿ. ಮೊಬೈಲೂ ವಾಚೂ ಒಂದೇ ರೈಡನ್ನು ಎರಡು ಸಲ ಹಾಕಿರುತ್ತವೆ. ಇನ್ನೊಂದು, ನಿಲ್ಲಿಸಲು ಮರೆತ ರೈಡ್. ಒಮ್ಮೆ ಹುಮನಾಬಾದ್‌ನಿಂದ ವಾಪಸ್ ಹೊರಟಾಗ ನನ್ನ ಹಿಂದಿನ ಗಾಲಿಯ ಎರಡು ಕಡ್ಡಿ ಮುರಿದವು. ಟೆಂಪೋದಲ್ಲಿ ಸೈಕಲ್ ಹಾಕಿಕೊಂಡು ಬಂದೆ. ಆ್ಯಪ್ ನಡೆಯುತ್ತಲೇ ಇತ್ತು. ಆ ಕಿಲೋಮೀಟರ್‌ಗಳು ಎರಡು ತಿಂಗಳು ನನ್ನ ಲೆಕ್ಕದಲ್ಲೇ ಕೂತಿದ್ದವು. ಗರಿಷ್ಠ ವೇಗ 70 ಅಂತ ಕಂಡಾಗಲೇ ನನಗೆ ತಿಳಿದದ್ದು. ಅಂಥ ರೈಡ್ ಅಳಿಸಬೇಕಿಲ್ಲ, ಕೊನೆಯ ಭಾಗ ಕತ್ತರಿಸಿದರೆ ಸಾಕು.

ಮ್ಯಾಪ್ ಹಂಚಿಕೊಳ್ಳುವ ಮುಂಚೆ ಮನೆಯ ಸುತ್ತಲಿನ ಜಾಗ ಮರೆಮಾಡುವ ಸೆಟ್ಟಿಂಗ್ ಹಾಕಿಕೊಳ್ಳಿ. 2018ರ ಜನವರಿಯಲ್ಲಿ ಸ್ಟ್ರಾವಾದ ಜಾಗತಿಕ ನಕ್ಷೆಯಲ್ಲಿ ಸೇನಾ ನೆಲೆಗಳೊಳಗಿನ ಓಡಾಟದ ಗೆರೆಗಳೂ ಕಂಡು ದೊಡ್ಡ ಸುದ್ದಿಯಾಗಿತ್ತು. ಬೀದರ್‌ನಲ್ಲಿ ವಾಯುಪಡೆ ನೆಲೆ ಇದೆ. ಅಲ್ಲಿ ಕೆಲಸ ಮಾಡುವವರು ಅಂಕಿ ಮಾತ್ರ ಹಂಚಿಕೊಂಡರೆ ಸಾಕು.

ಒಂದು ನೋಟ್‌ಬುಕ್

ಆ್ಯಪ್ ಎಷ್ಟೇ ಇದ್ದರೂ ನೋಟ್‌ಬುಕ್ ಬೇಕು. ತಾರೀಖು, ಎಲ್ಲಿಂದ ಎಲ್ಲಿಗೆ, ಎಷ್ಟು ಕಿ.ಮೀ. ಇಷ್ಟೇ ಬರೆಯಿರಿ. ಜನವರಿ 1ಕ್ಕೆ ಮೀಟರಿನ ಒಟ್ಟು ಅಂಕಿಯ ಫೋಟೊ ತೆಗೆದಿಡಿ. ಮನೆಯಲ್ಲಿ ಎರಡು ಸೈಕಲ್ ಇದ್ದರೆ ಎರಡರದ್ದೂ ತೆಗೆಯಿರಿ. ಬ್ಯಾಟರಿ ಬದಲಿಸಿದಾಗ ಕೆಲವು ಮೀಟರ್ ಸೊನ್ನೆಗೆ ಹೋಗುತ್ತವೆ. ಬದಲಿಸುವ ಮುಂಚೆಯೂ ಒಂದು ಫೋಟೊ.

ನಮ್ಮ ಬಿಸಿಲಿಗೆ ತಕ್ಕ ಗುರಿ

ಇಲ್ಲೇ ಬಹಳ ಜನ ಸೋತುಬಿಡುತ್ತಾರೆ. 4,000 ಕಿ.ಮೀ. ಗುರಿ ಇಟ್ಟು 12ರಿಂದ ಭಾಗಿಸುತ್ತಾರೆ. ತಿಂಗಳಿಗೆ 333. ಏಪ್ರಿಲ್, ಮೇ ಎರಡೂ ತಿಂಗಳು ಹಿಂದೆ ಬಿದ್ದು, ಜೂನ್‌ಗೆ ಬೇಜಾರಾಗಿ ಸೈಕಲನ್ನು ಗೋಡೆಗೆ ಒರಗಿಸುತ್ತಾರೆ. ತಂಪು ದೇಶದವರ ಲೆಕ್ಕ ನಮಗೆ ಹೊಂದುವುದಿಲ್ಲ. ಅವರಿಗೆ ಬೇಸಿಗೆ ಅಂದರೆ ಸೈಕಲ್ ಕಾಲ. ನಮಗೆ ಬೇಸಿಗೆ ಅಂದರೆ 42, 43 ಡಿಗ್ರಿ.

ನಾವು ಹೀಗೆ ಹಂಚಿಕೊಂಡಿದ್ದೇವೆ. ಜನವರಿ, ಫೆಬ್ರುವರಿ 400ರಂತೆ. ಮಾರ್ಚ್ 300. ಏಪ್ರಿಲ್ 220, ಮೇ 200. ಜೂನ್ 280, ಜುಲೈ 300, ಆಗಸ್ಟ್ 320, ಸೆಪ್ಟೆಂಬರ್ 330. ಅಕ್ಟೋಬರ್ 400. ನವೆಂಬರ್, ಡಿಸೆಂಬರ್ 425ರಂತೆ. ಕೂಡಿಸಿದರೆ 4,000 ಸರಿಯಾಗಿ ಬರುತ್ತದೆ. ಜೂನ್ ಕೊನೆಗೆ 1,800 ಆಗಿದ್ದರೆ ನೀವು 200 ಹಿಂದೆ ಬಿದ್ದಿಲ್ಲ, ಸರಿಯಾದ ಜಾಗದಲ್ಲೇ ಇದ್ದೀರಿ. ನಿಮ್ಮ ಗುರಿ 2,000 ಇದ್ದರೆ ಎಲ್ಲವನ್ನೂ ಅರ್ಧ ಮಾಡಿ.

ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಐದೂವರೆಗೆ ಹೊರಟು ಎಂಟರೊಳಗೆ ಮನೆ ಸೇರಿ. ಆ ದಿನಗಳಲ್ಲಿ 20 ಕಿ.ಮೀ. ಸಾಕು. ತಲೆ ಸುತ್ತಿದರೆ, ಬೆವರು ನಿಂತುಹೋದರೆ ಅಲ್ಲೇ ನೆರಳಿಗೆ ಹೋಗಿ, ಯಾರಿಗಾದರೂ ಫೋನ್ ಮಾಡಿ. ಜೂನ್‌ನಿಂದ ಪಡುವಣ ಗಾಳಿ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದೇ ನಿಮ್ಮನ್ನು ಮನೆಗೆ ತಳ್ಳುತ್ತದೆ. ಮಳೆ ಬಿದ್ದ ದಿನ ಹೊಲದ ದಾರಿ ಬೇಡ. ಎರೆ ಮಣ್ಣು ಬ್ರೇಕ್ ಮತ್ತು ಗಾಲಿ ನಡುವೆ ತುಂಬಿಕೊಂಡರೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡೇ ಬರಬೇಕಾಗುತ್ತದೆ. ಜಾಲಿ ಮುಳ್ಳಿಗೆ ವರ್ಷಪೂರ್ತಿ ರಜೆ ಇಲ್ಲ, ಎರಡು ಟ್ಯೂಬ್ ಜೊತೆಗಿರಲಿ.

ಹೋಲಿಸುವಾಗ ಒಂದು ಅಂಕಿ ಸಾಲದು

ಈಗ ಮುಖ್ಯ ವಿಷಯಕ್ಕೆ ಬರೋಣ. ಮೇಷ್ಟ್ರು ಮತ್ತು ಭಾನುವಾರದ ಗೆಳೆಯನ ಲೆಕ್ಕವನ್ನೇ ತೆಗೆದುಕೊಳ್ಳಿ. ಒಟ್ಟು ದೂರದಲ್ಲಿ ಮೇಷ್ಟ್ರು ಮುಂದೆ, 3,960ಕ್ಕೆ 3,120. ಸೈಕಲ್ ಹೊಡೆದ ದಿನಗಳಲ್ಲೂ ಮೇಷ್ಟ್ರೇ, 220ಕ್ಕೆ 52. ಹಾಗಾದರೆ ಗೆಳೆಯನ ಶ್ರಮ ಕಮ್ಮಿಯಾ? 60 ಕಿ.ಮೀ. ಒಂದೇ ಸಲ ತುಳಿಯುವುದು ಬೇರೆ ತರಹದ ಕೆಲಸ. ಅದನ್ನು ಹಿಡಿಯುವ ಒಂದು ಅಂಕಿ ಇದೆ, ಎಡಿಂಗ್ಟನ್ ಸಂಖ್ಯೆ.

ಆರ್ಥರ್ ಎಡಿಂಗ್ಟನ್ (1882–1944) ದೊಡ್ಡ ಖಗೋಳ ವಿಜ್ಞಾನಿ. 1919ರ ಸೂರ್ಯಗ್ರಹಣದಲ್ಲಿ ಐನ್‌ಸ್ಟೈನ್ ಸಿದ್ಧಾಂತವನ್ನು ಪರೀಕ್ಷೆ ಮಾಡಿದವರು. ಸೈಕಲ್ ಅಂದರೆ ಅವರಿಗೆ ಪ್ರಾಣ. ಅವರ ಲೆಕ್ಕ ಹೀಗಿದೆ: ಕನಿಷ್ಠ 30 ದಿನ, ಪ್ರತಿ ದಿನ ಕನಿಷ್ಠ 30 ಕಿ.ಮೀ. ತುಳಿದಿದ್ದರೆ ನಿಮ್ಮ ಸಂಖ್ಯೆ 30. ಕನಿಷ್ಠ 40 ದಿನ 40 ಕಿ.ಮೀ. ಆಗಿದ್ದರೆ 40. ಅವರು ಮೈಲಿಯಲ್ಲಿ ಎಣಿಸುತ್ತಿದ್ದರು. ಜೀವನದ ಕೊನೆಗೆ ಅವರದು 84. ಅಂದರೆ 84 ದಿನ, ಪ್ರತಿ ದಿನ 135 ಕಿ.ಮೀ.ಗಿಂತ ಜಾಸ್ತಿ.

ನಮ್ಮ ಗೆಳೆಯನದು 52 ರೈಡ್, ಎಲ್ಲವೂ 60. ಅವನ ಸಂಖ್ಯೆ 52. ಮೇಷ್ಟ್ರದು 220 ದಿನ, ಎಲ್ಲವೂ 18. ಅವರ ಸಂಖ್ಯೆ 18. ಇಲ್ಲಿ ಗೆಳೆಯ ತುಂಬಾ ಮುಂದೆ! ಎರಡು ಅಂಕಿಯೂ ನಿಜ. ಒಂದು ದಿನಾ ತುಳಿಯುವುದನ್ನು ಹೇಳುತ್ತದೆ, ಇನ್ನೊಂದು ದೂರ ತುಳಿಯುವುದನ್ನು.

ಲೆಕ್ಕ ಹಾಕುವುದು ಸುಲಭ. ವರ್ಷದ ರೈಡ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆಯಿರಿ. ಒಂದೇ ದಿನ ಎರಡು ಸಲ ಹೋಗಿದ್ದರೆ ಮೊದಲು ಕೂಡಿಸಿ. ಮೇಲಿನಿಂದ 1, 2, 3 ಅಂತ ನಂಬರ್ ಹಾಕುತ್ತಾ ಬನ್ನಿ. ರೈಡ್‌ನ ಕಿಲೋಮೀಟರ್ ಆ ನಂಬರಿಗಿಂತ ಕಮ್ಮಿಯಾಗುವ ಜಾಗದಲ್ಲಿ ನಿಲ್ಲಿಸಿ. ಅದರ ಹಿಂದಿನ ನಂಬರೇ ನಿಮ್ಮದು. ಒಂದು ಮಾತು, 40ರಿಂದ 41ಕ್ಕೆ ಏರಲು ಇನ್ನೊಂದು ರೈಡ್ ಮಾತ್ರ ಸಾಲದೇ ಇರಬಹುದು. ಸರಿಯಾಗಿ 40ಕ್ಕೆ ನಿಲ್ಲಿಸಿದ ರೈಡ್‌ಗಳೆಲ್ಲ ಆಗ ಲೆಕ್ಕದಿಂದ ಬಿದ್ದುಹೋಗುತ್ತವೆ. ಇದು ಗೊತ್ತಾದ ಮೇಲೆ ನಮ್ಮಲ್ಲಿ ಎಲ್ಲರೂ ರಿಂಗ್ ರೋಡ್‌ನಲ್ಲಿ ಎರಡು ಕಿ.ಮೀ. ಜಾಸ್ತಿ ಸುತ್ತಿ ಮನೆಗೆ ಹೋಗುತ್ತಾರೆ.

ಹಾಗಾಗಿ ನಮ್ಮ ಪಟ್ಟಿಯಲ್ಲಿ ನಾಲ್ಕು ಕಾಲಂ: ಒಟ್ಟು ಕಿ.ಮೀ., ದಿನಗಳು, ಎಡಿಂಗ್ಟನ್ ಸಂಖ್ಯೆ, ಒಂದೇ ದಿನದ ದೊಡ್ಡ ರೈಡ್. ಜೊತೆಗೆ ಹೋದ ವರ್ಷದ ನಿಮ್ಮದೇ ಅಂಕಿಗಳನ್ನು ಪಕ್ಕದಲ್ಲಿ ಬರೆಯಿರಿ. ನನಗೆ ಅದೇ ಎಲ್ಲಕ್ಕಿಂತ ಇಷ್ಟದ ಹೋಲಿಕೆ.

ಏರಿನ ಲೆಕ್ಕ ಬೇಕೆನ್ನುವವರು ಒಂದು ಎಚ್ಚರ ವಹಿಸಿ. ಏರಿದ ಮೀಟರ್‌ಗಳನ್ನು ಬೇರೆ ಬೇರೆ ಆ್ಯಪ್, ಬೇರೆ ಬೇರೆ ವಾಚ್ ಬೇರೆ ಬೇರೆಯಾಗಿಯೇ ಹೇಳುತ್ತವೆ. ಎಲ್ಲರೂ ಒಂದೇ ಆ್ಯಪ್ ಬಳಸಿದರೆ ಮಾತ್ರ ಹೋಲಿಸಿ. ಬೀದರ್ ಊರು ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ. ಅಲ್ಲಿಯವರು ಜನವಾಡದ ಕಡೆ ಮಾಂಜ್ರಾ ನದಿಗೆ ಇಳಿದರೆ ಬಿಸಿಲೇರಿದ ಮೇಲೆ ವಾಪಸ್ ಹತ್ತಬೇಕು. ಅವರ 30 ಕಿ.ಮೀ. ಮತ್ತು ನಮ್ಮ ಸಪಾಟು ರಸ್ತೆಯ 30 ಕಿ.ಮೀ. ಒಂದೇ ಅಲ್ಲ.

ವರ್ಷದ ಕೊನೆಯ ವಾರ

ಇನ್ನೂ 150 ಕಿ.ಮೀ. ಬಾಕಿ ಇದೆ ಅಂತ ಕತ್ತಲಲ್ಲಿ ಹೆದ್ದಾರಿಗೆ ಹೋಗಬೇಡಿ. ಇದನ್ನು ಕಳಕಳಿಯಿಂದ ಹೇಳುತ್ತಿದ್ದೇನೆ. ಡಿಸೆಂಬರ್, ಜನವರಿಯಲ್ಲಿ ಬೀದರ್, ಆಳಂದ, ಅಫಜಲಪುರ ಕಡೆ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲು ಸಾಲು. ಎಷ್ಟೋ ಟ್ರೇಲರ್‌ಗಳಿಗೆ ಹಿಂದಿನ ದೀಪ ಇರುವುದಿಲ್ಲ. ಕೆಲವು ಕಡೆ ರಸ್ತೆ ಮೇಲೆಯೇ ತೊಗರಿ ರಾಶಿಗೆ ಹಾಕಿರುತ್ತಾರೆ. ಸಣ್ಣ ಟಯರ್ ಅದರ ಮೇಲೆ ಹೋದರೆ ಜಾರುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಬೆಳಕು ಹರಿದ ಮೇಲೆ ಹೊರಡಿ, ಕೆಂಪು ದೀಪ ಹಗಲಲ್ಲೂ ಉರಿಯಲಿ.

ನಾವು ಪಟ್ಟಿ ಓದುವುದು ಎಳ್ಳಮಾವಾಸ್ಯೆ ಊಟದ ಹೊತ್ತಿಗೆ. ಅದು ಒಂದೊಂದು ವರ್ಷ ಡಿಸೆಂಬರ್ ನಡುವೆಯೇ ಬಂದುಬಿಡುತ್ತದೆ. ಆಗ ಅಲ್ಲಿವರೆಗಿನ ಅಂಕಿ ಓದಿ, ಉಳಿದದ್ದನ್ನು 31ಕ್ಕೆ ಸೇರಿಸುತ್ತೇವೆ. ಗೆಳೆಯರೊಬ್ಬರ ಹೊಲಕ್ಕೆ ಸೈಕಲ್ ಮೇಲೆಯೇ ಹೋಗುತ್ತೇವೆ. ಚರಗ ಚೆಲ್ಲಿದ ಮೇಲೆ ಬನ್ನಿ ಗಿಡದ ಕೆಳಗೆ ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ. ಊಟ ಮುಗಿಸಿ ಒಬ್ಬೊಬ್ಬರೇ ತಮ್ಮ ನೋಟ್‌ಬುಕ್ ತೆಗೆದು ನಾಲ್ಕು ಅಂಕಿ ಓದುತ್ತಾರೆ. ಕೇಳುವವರಿಗೆ ಅನುಮಾನ ಬಂದರೆ ಆಗಲೇ ಕೇಳಬೇಕು. ಆಮೇಲೆ ಮುಂದಿನ ವರ್ಷದ ನಿಯಮದಲ್ಲಿ ಏನಾದರೂ ಬದಲಿಸಬೇಕಾ ಅಂತ ಮಾತಾಡುತ್ತೇವೆ.

ಹೋದ ಸಲ ಮೇಷ್ಟ್ರು ಮೀಟರಿನ ಫೋಟೊ ತೋರಿಸಿ 4,212 ಅಂದರು. ಎಡಿಂಗ್ಟನ್ ಸಂಖ್ಯೆ 24. ಭಾನುವಾರವೂ ನಮ್ಮ ಜೊತೆ ಬರಲು ಶುರು ಮಾಡಿದ್ದರು. ಭಾನುವಾರದ ಗೆಳೆಯ ಈಗ ವಾರಕ್ಕೆ ಮೂರು ದಿನ ಆಫೀಸಿಗೆ ಸೈಕಲ್ ಮೇಲೆ ಹೋಗುತ್ತಾನೆ.